ಶ್ರುತಿಗೆ, ಸಹಿ ಹಾಕುವ ಮುನ್ನ

ಕುಣಿಗಲ್

ಚಿ. ಶ್ರುತಿಗೆ,

ನಿನ್ನ ಹೊಸ ಜವಾಬ್ದಾರಿಯ ಸುದ್ದಿಯನ್ನು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಪಾಠ ಮಾಡುವುದರ ಜೊತೆಗೆ ಈ ವರ್ಷದಿಂದ ನಿಮ್ಮ ವಿಶ್ವವಿದ್ಯಾಲಯದ ಸಮುದಾಯ ಸಹಭಾಗಿತ್ವದ ಸಂಯೋಜಕಿಯೂ ನೀನೇ ಅಂತೆ. ಜೂನ್ ಒಳಗೆ ಹತ್ತು ಸ್ವಯಂಸೇವಾ ಸಂಸ್ಥೆಗಳ ಜೊತೆ ಒಡಂಬಡಿಕೆ ಆಗಬೇಕಂತೆ. ಆ ಪಟ್ಟಿಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ನಮ್ಮ ಸಂಸ್ಥೆಯ ಹೆಸರನ್ನೂ ಬರೆದುಕೊಂಡಿದ್ದೀಯಂತೆ. “ಅಕ್ಕಾ, ನೀನು ಒಂದು ಮಾತು ಹೇಳಿದರೆ ಅಲ್ಲಿ ಕೆಲಸ ಸಲೀಸಾಗುತ್ತೆ” ಅಂದ. ಅವನಿಗೆ ಮಗಳ ಮೇಲೆ ಹೆಮ್ಮೆ. ನನಗೂ ಇದೆ, ಜೊತೆಗೆ ಸ್ವಲ್ಪ ದಿಗಿಲೂ ಇದೆ. ಫೋನಿನಲ್ಲಿ ಹೇಳಹೋದರೆ ಮಧ್ಯದಲ್ಲೇ ನಿನಗೆ ಕ್ಲಾಸಿನ ಹೊತ್ತಾಗುತ್ತದೆ. ಕಾಗದವಾದರೆ ರಾತ್ರಿ ಊಟ ಮುಗಿಸಿ ನಿಧಾನವಾಗಿ ಓದುತ್ತೀಯ ಅಂತ ಬರೆಯುತ್ತಿದ್ದೇನೆ.

ನೀನು ಚಿಕ್ಕವಳಿದ್ದಾಗ ಬೇಸಿಗೆ ರಜಕ್ಕೆ ಬಂದರೆ ನನ್ನ ಸೆರಗು ಹಿಡಿದುಕೊಂಡು ಹೆಂಗಸರ ಸಂಘದ ಸಭೆಗೆ ಬರುತ್ತಿದ್ದೆ, ನೆನಪಿದೆಯೋ ಇಲ್ಲವೋ. ಸಭೆ ಶುರುವಾಗುತ್ತಿದ್ದದ್ದೇ ರಾತ್ರಿ ಒಂಬತ್ತಕ್ಕೆ. ಇಷ್ಟು ಹೊತ್ತಿಗೆ ಯಾಕತ್ತೆ ಅಂತ ನಿದ್ದೆಗಣ್ಣಿನಲ್ಲಿ ಗೊಣಗುತ್ತಿದ್ದೆ. ದನ ಕಟ್ಟಿ, ಮುದ್ದೆ ತೊಳಸಿ, ಎಲ್ಲರಿಗೂ ಬಡಿಸಿ, ಮಕ್ಕಳನ್ನು ಮಲಗಿಸಿದ ಮೇಲೆಯೇ ಆ ಹೆಂಗಸರು ಕೂರಲು ಸಾಧ್ಯ. ಆಗಲೇ ಅವರು ಉಳಿತಾಯದ ಪುಸ್ತಕ ಬಿಚ್ಚುವುದು, ಆಗಲೇ ನಿಜವಾದ ಮಾತು ಹೊರಡುವುದು. ವಿದ್ಯಾರ್ಥಿಗಳನ್ನು ಹಳ್ಳಿಗೆ ಕರೆತರುವ ಕಾಲೇಜಿನ ಬಸ್ಸು ಮಾತ್ರ ಬೆಳಿಗ್ಗೆ ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೊರಟುಬಿಡುತ್ತದೆ. ಆ ಹೊತ್ತಿನಲ್ಲಿ ಊರಲ್ಲಿ ಸಿಗುವವರು ಮುದುಕರು, ಅಂಗನವಾಡಿಯ ಮಕ್ಕಳು, ಮತ್ತೆ ಕಟ್ಟೆಯ ಮೇಲೆ ಇಸ್ಪೀಟಾಡುವ ನಾಲ್ಕು ಜನ.

ನಮ್ಮ ಕಡೆಯ ಒಂದು ಊರಿನ ಅಜ್ಜಿಗೆ ಕಾಲೇಜಿನವರ ಪ್ರಶ್ನಾವಳಿ ಬಾಯಿಪಾಠವಾಗಿತ್ತು. ಹುಡುಗ ಪೆನ್ನು ತೆಗೆಯುವ ಮೊದಲೇ “ಹಸ ಎರಡು, ಶೌಚಾಲಯ ಐತೆ, ಕಾರ್ಡು ಬಿಪಿಎಲ್ಲು, ಗಂಡ ತೀರ್ಕಂಡವ್ರೆ, ಬರ್ಕೊಳಪ್ಪ” ಅಂತ ಒಪ್ಪಿಸಿಬಿಡುತ್ತಿದ್ದಳು. ನಾವೆಲ್ಲ ನಕ್ಕಿದ್ದೇವೆ. ಆದರೆ ಅಷ್ಟು ಸಲ ಬರೆದುಕೊಂಡು ಹೋದವರಲ್ಲಿ ಒಬ್ಬರೂ ಬರೆದದ್ದರಿಂದ ಏನು ತಿಳಿಯಿತು ಅಂತ ಅವಳಿಗೆ ಬಂದು ಹೇಳಲಿಲ್ಲ. ಹುಡುಗರ ತಪ್ಪು ಅಂತ ನಾನು ಹೇಳುವುದಿಲ್ಲ. ಹುಡುಗರು ಒಳ್ಳೆಯವರೇ ಇರುತ್ತಾರೆ; ಬಿಸಿಲಲ್ಲಿ ಗುಂಡಿ ತೋಡು ಅಂದರೆ ತೋಡುತ್ತಾರೆ, ಬಾವಿ ಕಟ್ಟೆ ತೊಳೆ ಅಂದರೆ ತೊಳೆಯುತ್ತಾರೆ. ಎಲ್ಲಿಗೆ, ಯಾಕೆ, ಯಾರು ಕರೆದದ್ದಕ್ಕೆ ಹೋಗುತ್ತಿದ್ದೇವೆ ಅನ್ನುವುದನ್ನು ತೀರ್ಮಾನಿಸುವವರು ಅವರಲ್ಲ. ಇನ್ನು ಮುಂದೆ ತೀರ್ಮಾನಿಸುವವಳು ನೀನು.

ನಿಮ್ಮವರು ಹತ್ತು ಅಂತ ಯಾಕೆ ಹೇಳಿದ್ದಾರೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಬಂದಾಗ ವಿಸ್ತರಣಾ ಚಟುವಟಿಕೆಗೂ ಒಡಂಬಡಿಕೆಗೂ ಲೆಕ್ಕ ಕೇಳುತ್ತಾರೆ. 2014ರಲ್ಲಿ ಉನ್ನತ ಭಾರತ ಅಭಿಯಾನ ಬಂತು, ಹಳ್ಳಿಗಳನ್ನು ದತ್ತು ತೆಗೆದುಕೊಳ್ಳಿ ಅಂದರು. 2020ರ ಶಿಕ್ಷಣ ನೀತಿ ಬಂದ ಮೇಲೆ ಯುಜಿಸಿಯವರು 2022ರಲ್ಲಿ ಸಮುದಾಯದ ಜೊತೆ ಕಲಿಯುವುದಕ್ಕೆ ಎರಡು ಕ್ರೆಡಿಟ್‌ನ ಪಠ್ಯ ಚೌಕಟ್ಟು ಕೊಟ್ಟರು. ಉದ್ದೇಶ ಒಳ್ಳೆಯದೇ, ಹಳೆಯದೂ ಹೌದು. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭಿಸಿದರು. ವರ್ಷಕ್ಕೆ 120 ಗಂಟೆ ಸೇವೆ, ಏಳು ದಿನದ ವಿಶೇಷ ಶಿಬಿರ ಅನ್ನುವ ಲೆಕ್ಕ ಇವತ್ತಿಗೂ ನಡೆದಿದೆ. ನಿಮ್ಮಪ್ಪನೂ ಅಂಥ ಒಂದು ಶಿಬಿರದಲ್ಲಿ ರಸ್ತೆಗೆ ಮಣ್ಣು ಹೊತ್ತವನೇ, ಕೇಳಿ ನೋಡು. ಇನ್ನೂ ಆ ಊರಿನ ಸಾರಿನ ರುಚಿ ಹೇಳುತ್ತಾನೆ. ರಸ್ತೆ ಆಮೇಲೆ ಏನಾಯಿತು ಅಂತ ಅವನಿಗೆ ಗೊತ್ತಿಲ್ಲ.

ಗಂಟೆಯ ಲೆಕ್ಕ ಹುಡುಗರದ್ದು. ಹಳ್ಳಿಯ ಕಡೆ, ಸಂಸ್ಥೆಯ ಕಡೆ ಎಷ್ಟು ಗಂಟೆ ಖರ್ಚಾಯಿತು ಅಂತ ಬರೆಯುವ ಕಾಲಂ ಯಾವ ವರದಿಯಲ್ಲೂ ನಾನು ಕಾಣಲಿಲ್ಲ. ಐವತ್ತು ಹುಡುಗರು ಬರುತ್ತಾರೆ ಅಂದರೆ ನಮ್ಮ ಕಾರ್ಯಕರ್ತೆ ಎರಡು ದಿನ ಮೊದಲೇ ಊರೂರು ತಿರುಗಬೇಕು. ಶಾಲೆಯ ಹೆಡ್‌ಮಾಸ್ಟರ ಹತ್ತಿರ ಬೀಗದ ಕೈ ಕೇಳಬೇಕು, ಪಂಚಾಯಿತಿಯವರಿಗೆ ಹೇಳಬೇಕು, ಹೆಣ್ಣುಮಕ್ಕಳು ಶೌಚಕ್ಕೆ ಹೋಗಲು ಒಂದು ಮನೆಯವರನ್ನು ಒಪ್ಪಿಸಬೇಕು, ಚಿತ್ರಾನ್ನಕ್ಕೆ ಹೇಳಬೇಕು. ಆ ಎರಡು ದಿನ ಅವಳು ನೋಡಬೇಕಿದ್ದ ಬಾಣಂತಿ ಹಾಗೇ ಉಳಿಯುತ್ತಾಳೆ, ಸಂಘದ ಸಾಲದ ಕಂತು ಹಾಗೇ ಉಳಿಯುತ್ತದೆ. ಹುಡುಗರು ಹೋದ ಮೇಲೆ “ಅವರು ಏನು ಕೊಡ್ತಾರಂತೆ?” ಅಂತ ಊರವರು ಕೇಳುವುದು ಅವಳನ್ನೇ.

ಹಾಗಾದರೆ ನೀವು ಯಾಕೆ ಬೇಡ ಅನ್ನಲಿಲ್ಲ ಅಂತ ಕೇಳುತ್ತೀಯ. ನಾನು ಸಂಸ್ಥೆ ನೋಡಿಕೊಳ್ಳುತ್ತಿದ್ದ ಅಷ್ಟೂ ಕಾಲ ಯಾವ ಕಾಲೇಜಿಗೂ ಬೇಡ ಅಂದವಳಲ್ಲ. ವಾರ್ಷಿಕ ವರದಿಯಲ್ಲಿ ವಿಶ್ವವಿದ್ಯಾಲಯದ ಹೆಸರಿದ್ದರೆ ಹಣ ಕೊಡುವವರಿಗೆ ಚಂದ ಕಾಣುತ್ತದೆ, ಪ್ರೊಫೆಸರ್ ಒಬ್ಬರ ಪರಿಚಯ ಯಾವತ್ತಾದರೂ ಕೆಲಸಕ್ಕೆ ಬರುತ್ತದೆ ಅನ್ನುವ ಆಸೆ. ಅದು ಸರಿಯಾಗಿರಲಿಲ್ಲ. ಈಗಲೂ ಸಣ್ಣ ಸಂಸ್ಥೆಗಳೆಲ್ಲ ಹಾಗೇ ಇವೆ. ನೀನು ಹೋಗಿ ಕೇಳಿದರೆ ಹತ್ತಕ್ಕೆ ಹತ್ತೂ ಹೂಂ ಅನ್ನುತ್ತವೆ. ಆ ಹೂಂ ಅನ್ನು ನಂಬಬೇಡ, ಮಗು.

ಈಗ ನಮ್ಮ ತಾಲ್ಲೂಕಿನದೇ ಒಂದು ಕಥೆ ಹೇಳುತ್ತೇನೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ನೀವೆಲ್ಲ ಭಾರತೀಯ ವಿಜ್ಞಾನ ಸಂಸ್ಥೆ ಅನ್ನುತ್ತೀರಲ್ಲ, ಅಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು ‘ಅಸ್ತ್ರ’ ಅಂತ ಒಂದು ತಂಡ ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕು ಅನ್ನುವುದು ಗುರಿ. ನಮ್ಮ ಅಡುಗೆಮನೆಗಳಿಗೆ ಬಂದ ಅಸ್ತ್ರ ಒಲೆ ಅವರದೇ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ವಿಸ್ತರಣಾ ಕೇಂದ್ರ ಮಾಡಿಕೊಂಡು, ಸುತ್ತಲಿನ ಊರುಗಳಲ್ಲಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಸೌದೆಗೂ ನೀರಿಗೂ ಹೆಂಗಸರು ಎಷ್ಟು ಹೊತ್ತು ನಡೆಯುತ್ತಾರೆ ಅಂತ ವರ್ಷಗಟ್ಟಲೆ ಅಳೆದರು. ಮೇಧಾವಿಗಳು, ಅಂಕಿಅಂಶ ಎಲ್ಲ ಕೈಯಲ್ಲಿತ್ತು. ಹತ್ತಿರದ ಪುರ ಅನ್ನುವ ಊರಿನಲ್ಲಿ ಇಡೀ ಊರಿಗೊಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮನೆಮನೆಗೆ ಅಡುಗೆಗೆ ಅನಿಲ ಕೊಡಬೇಕು ಅನ್ನುವುದು ಅವರ ಯೋಚನೆ.

ಅದು ನಡೆಯಲಿಲ್ಲ. ಇದ್ದ ದನಗಳ ಸಗಣಿಯಿಂದ ಎಲ್ಲರ ಅಡುಗೆಗೂ ಆಗುವಷ್ಟು ಅನಿಲ ಬರಲಿಲ್ಲ. ಜೊತೆಗೆ ಇನ್ನೊಂದು ಸಂಗತಿ ಗೊತ್ತಾಯಿತು. ಊರವರಿಗೆ ಮೊದಲು ಬೇಕಾಗಿದ್ದದ್ದು ಅಡುಗೆಯ ಅನಿಲವಲ್ಲ, ಕುಡಿಯುವ ನೀರು. ಬೇರೆ ಯಾರಾದರೂ ಆಗಿದ್ದರೆ ಜನ ಹಿಂದುಳಿದವರು, ಸಹಕಾರ ಕೊಡಲಿಲ್ಲ ಅಂತ ವರದಿ ಬರೆದು ಗಂಟುಮೂಟೆ ಕಟ್ಟುತ್ತಿದ್ದರು. ಇವರು ಅಲ್ಲೇ ಉಳಿದರು. 1987ರ ಹೊತ್ತಿಗೆ ಅದೇ ಅನಿಲವನ್ನು ಎಂಜಿನ್‌ಗೆ ಕೊಟ್ಟು, ವಿದ್ಯುತ್ ತಯಾರಿಸಿ, ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ತೂಕದ ಮೇಲೆ ದುಡ್ಡು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಅವರವರ ಗೊಬ್ಬರಕ್ಕೆ ವಾಪಸ್ಸು. ನಡೆಸಿದ್ದು ಊರಿನ ಹುಡುಗರು. ಸಗಣಿ ಬಾರದಿದ್ದರೆ ನಲ್ಲಿಯಲ್ಲಿ ನೀರಿಲ್ಲ ಅನ್ನುವುದು ಎಲ್ಲರಿಗೂ ತಿಳಿದಿದ್ದರಿಂದ ಯಾರೂ ಕೈಕೊಡಲಿಲ್ಲ. ಹಂಚಿಕೊಂಡ ಸೊತ್ತು ಹಾಳಾಗಿಯೇ ತೀರುತ್ತದೆ ಅನ್ನುವ ದೊಡ್ಡ ಸಿದ್ಧಾಂತಕ್ಕೆ ಎದುರಾಗಿ ರೆಡ್ಡಿಯವರು ಪುರದ ಉದಾಹರಣೆ ಇಟ್ಟುಕೊಂಡು ಲೇಖನವನ್ನೇ ಬರೆದರು.

ಆ ಕಥೆಯಲ್ಲಿ ನಿನ್ನಂಥವಳಿಗೆ ಬೇಕಾದದ್ದು ಎಂಜಿನ್ ಅಲ್ಲ, ಸ್ಥಾವರವೂ ಅಲ್ಲ. ಒಂದು ಸಣ್ಣ ಊರು ದೇಶದ ದೊಡ್ಡ ವಿಜ್ಞಾನ ಸಂಸ್ಥೆಯೊಂದಕ್ಕೆ ‘ಇದಲ್ಲ, ಅದು ಬೇಕು’ ಅಂದಾಗ ಅದನ್ನು ಕೇಳಿಸಿಕೊಳ್ಳುವಷ್ಟು ದಿನ ಆ ಸಂಸ್ಥೆ ಅಲ್ಲಿ ಇತ್ತು. ಒಂದು ಸೆಮಿಸ್ಟರಿಗೆ ಬಂದಿದ್ದರೆ ಮೊದಲ ಸೋಲಿನ ಸುದ್ದಿ ಕೂಡ ಅವರ ಕಿವಿಗೆ ಬೀಳುತ್ತಿರಲಿಲ್ಲ.

ಮಧ್ಯಪ್ರದೇಶದಲ್ಲಿ ಆಗ ಹೋಶಂಗಾಬಾದ್ ಅನ್ನುತ್ತಿದ್ದ ಜಿಲ್ಲೆಯದೂ ಹೀಗೇ. 1972ರಲ್ಲಿ ಅಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಅನ್ನುವ ಎರಡು ಸಂಸ್ಥೆಗಳು 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗ ಮಾಡಿಸಿ ಕಲಿಸಲು ಹೊರಟವು. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಬಂದು ಕೈಜೋಡಿಸಿದರು. ಹಳ್ಳಿಯ ಮೇಷ್ಟ್ರು ‘ಈ ಪ್ರಯೋಗ ನಮ್ಮ ತರಗತಿಯಲ್ಲಿ ಆಗುವುದಿಲ್ಲ’ ಅಂದರೆ ಪುಸ್ತಕ ತಿದ್ದುತ್ತಿದ್ದರು. 1982ರಲ್ಲಿ ಏಕಲವ್ಯ ಅನ್ನುವ ಸಂಸ್ಥೆ ಹುಟ್ಟಿ ಆ ಕೆಲಸ ವಹಿಸಿಕೊಂಡಿತು. 2002ರಲ್ಲಿ ಸರ್ಕಾರ ಕಾರ್ಯಕ್ರಮ ನಿಲ್ಲಿಸಿತು, ಅದು ಬೇರೆ ಮಾತು. ಮೂವತ್ತು ವರ್ಷ ನಡೆಯಿತಲ್ಲ, ಅದನ್ನು ನೋಡು. ಪ್ರೊಫೆಸರರ ತಪ್ಪನ್ನು ಹಳ್ಳಿ ಶಾಲೆಯ ಮೇಷ್ಟ್ರು ಎತ್ತಿ ತೋರಿಸುವ ಧೈರ್ಯ ಸುಮ್ಮನೆ ಬರುವುದಲ್ಲ. ಯಾರೋ ಅದಕ್ಕೆ ಜಾಗ ಮಾಡಿಕೊಟ್ಟಿರಬೇಕು.

ಆದ್ದರಿಂದ ನಾನು ಹೇಳುವುದು ಇಷ್ಟೇ, ಶ್ರುತಿ. ನೀನು ಸಹಿ ಹಾಕುವ ಒಡಂಬಡಿಕೆಯಲ್ಲಿ ಆ ಕಡೆಯವರು ಬೇಡ ಅನ್ನುವುದಕ್ಕೆ ಜಾಗ ಇರಲಿ. ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲೇ ಬರಲಿ. ಈ ಕೆಲಸಕ್ಕೆ ವಿದ್ಯಾರ್ಥಿಗಳು ಬೇಡ, ಈ ತಿಂಗಳು ಬೇಡ, ಐವತ್ತು ಜನ ಬೇಡ, ಈ ಪ್ರಶ್ನೆ ಬೇಡ ಅಂತ ಸಂಸ್ಥೆಯವರು ಹೇಳಬಹುದು, ಹಾಗೆ ಹೇಳಿದ್ದರಿಂದ ಒಡಂಬಡಿಕೆ ಮುರಿಯುವುದಿಲ್ಲ ಅಂತ ಬರೆಸು. ನಿಮ್ಮ ಕಾನೂನು ವಿಭಾಗದವರು ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ.

ಬರೆದರಷ್ಟೇ ಸಾಲದು. ಹೇಳುವವರಿಗೆ ನಷ್ಟವಾಗದ ಹಾಗೆ ನೋಡಿಕೊಳ್ಳಬೇಕು. ನಿನ್ನ ವಿದ್ಯಾರ್ಥಿಗಳಿಗೆ ಹಳ್ಳಿ ತೋರಿಸಿ, ಜನರ ಜೊತೆ ಮಾತಾಡಿಸಿ, ಬೈದು ತಿದ್ದುವ ಕಾರ್ಯಕರ್ತೆ ಅಲ್ಲಿ ಮೇಷ್ಟ್ರ ಕೆಲಸವನ್ನೇ ಮಾಡುತ್ತಿರುತ್ತಾಳೆ. ಅತಿಥಿ ಉಪನ್ಯಾಸಕರಿಗೆ ಗಂಟೆಗೆ ಇಷ್ಟು ಅಂತ ಕೊಡುತ್ತೀರಲ್ಲ, ಅವಳಿಗೂ ಹಾಗೇ ಗೌರವಧನ ಕೊಡಿಸು. ಶಾಲು, ನೆನಪಿನ ಕಾಣಿಕೆ ಬೇಡ. ನಮ್ಮ ಹಳೆಯ ಆಫೀಸಿನ ಬೀರು ತುಂಬಾ ಅವೇ ಇವೆ. ಎರಡು ಕ್ರೆಡಿಟ್‌ನ ಅಂಕಗಳಲ್ಲಿ ಒಂದು ಪಾಲು ಅವಳ ಕೈಯಲ್ಲಿರಲಿ. ಹುಡುಗ ಹೇಳಿದ ಹೊತ್ತಿಗೆ ಬಂದನೋ, ಅಜ್ಜಿಯ ಮಾತು ಪೂರ್ತಿ ಕೇಳಿಸಿಕೊಂಡನೋ ಅನ್ನುವುದು ಅವಳಿಗೆ ಗೊತ್ತಿರುವಷ್ಟು ನಿನಗೆ ಗೊತ್ತಾಗುವುದಿಲ್ಲ.

ಕೃಷಿ ವಿಶ್ವವಿದ್ಯಾಲಯದ ಹುಡುಗರನ್ನು ನೀನು ನೋಡಿರಬೇಕು. ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಬಂದು ಹಳ್ಳಿಯಲ್ಲೇ ಇರುತ್ತಾರೆ. ಒಬ್ಬೊಬ್ಬರಿಗೂ ಒಬ್ಬ ಆತಿಥೇಯ ರೈತ. ಬಂದ ಹೊಸದರಲ್ಲಿ ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ. ಆಗ ನೋಡಬೇಕು ತಮಾಷೆ. ಕೆರೆ ಇಲ್ಲಲ್ಲ ಅಲ್ಲಿ, ನಮ್ಮ ಬೀದಿ ಬಿಟ್ಟುಹೋಯಿತು, ಗೋಮಾಳ ಅಷ್ಟು ದೊಡ್ಡದಿಲ್ಲ ಕಣಯ್ಯ ಈಗ, ಅಂತ ಸುತ್ತ ನಿಂತವರೆಲ್ಲ ತಿದ್ದುತ್ತಾರೆ. ಎಲ್ಲ ತಂಡಗಳೂ ಚೆನ್ನಾಗಿರುತ್ತವೆ ಅಂತ ಅಲ್ಲ. ಕೆಲವರಿಗೆ ಅದು ಬರೀ ರೆಕಾರ್ಡ್ ಬುಕ್ಕು ತುಂಬಿಸುವ ಕೆಲಸ. ಆದರೆ ಬೆಳೆ ಹೊಲದಲ್ಲಿರುವಾಗ ಅಲ್ಲೇ ಇರುತ್ತಾರೆ ಅನ್ನುವುದು ದೊಡ್ಡದು. ರಾತ್ರಿ ಒಂಬತ್ತರ ಸಭೆಗೆ ಸಿಗುವ ಕಾಲೇಜು ಹುಡುಗರು ನನಗೆ ಗೊತ್ತಿದ್ದಂತೆ ಇವರು ಮಾತ್ರ. ನಿನ್ನ ವಿಭಾಗದಲ್ಲಿ ಅಷ್ಟು ದಿನ ಆಗದಿರಬಹುದು. ಕಡೇಪಕ್ಷ ನಿಮ್ಮ ಕ್ಯಾಲೆಂಡರನ್ನು ಸಂಸ್ಥೆಯವರ ಮುಂದಿಟ್ಟು, ಸುಗ್ಗಿ ಯಾವಾಗ, ಜಾತ್ರೆ ಯಾವಾಗ, ನಿಮ್ಮ ಲೆಕ್ಕಪರಿಶೋಧನೆ ಯಾವಾಗ ಅಂತ ಕೇಳಿ ಗುರುತು ಹಾಕು. ಮಾರ್ಚ್ ತಿಂಗಳಲ್ಲಿ ಯಾವ ಸ್ವಯಂಸೇವಾ ಸಂಸ್ಥೆಗೂ ಹುಡುಗರನ್ನು ಕಳಿಸಬೇಡ. ಅವರು ಬಿಲ್ಲು ವೋಚರುಗಳಲ್ಲಿ ಮುಳುಗಿರುತ್ತಾರೆ.

ಇನ್ನು ಹುಡುಗರಿಂದ ಏನು ಪ್ರಯೋಜನ ಅನ್ನುವುದು. ಗೋಡೆಗೆ ಸುಣ್ಣ ಬಳಿಯುವುದಕ್ಕೆ ವಿಶ್ವವಿದ್ಯಾಲಯ ಬೇಕಾಗಿಲ್ಲ. ನಮ್ಮ ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು ನಿನಗೆ ತಿಳಿದದ್ದೇ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಅಂತ ನಿಯಮ. ನಿಮ್ಮ ರಸಾಯನಶಾಸ್ತ್ರದ ಮಕ್ಕಳು ಒಂದು ಊರಿನ ಪ್ರತಿ ನಲ್ಲಿಯ ನೀರನ್ನೂ ಮಳೆಗಾಲ ಬೇಸಿಗೆ ಎರಡರಲ್ಲೂ ಅಳೆದುಕೊಟ್ಟರೆ ಅದು ಕೆಲಸ. ಆದರೆ ಅಳೆದ ಮೇಲೆ ಏನು? ನಿಮ್ಮ ನೀರು ಕೆಟ್ಟದ್ದು ಅಂತ ಹೇಳಿ ಬಸ್ಸು ಹತ್ತಿದರೆ ಊರಿಗೆ ಭಯ ಒಂದೇ ಉಳಿಯುತ್ತದೆ. ಯಾವ ನಲ್ಲಿಯ ನೀರು ಅಡುಗೆಗೆ, ಯಾವುದು ಬಟ್ಟೆ ಒಗೆಯಲು, ಶುದ್ಧ ನೀರಿನ ಘಟಕ ಕೆಟ್ಟಿದ್ದರೆ ಪಂಚಾಯಿತಿಗೆ ಅರ್ಜಿ ಹೇಗೆ ಬರೆಯಬೇಕು, ಇದೆಲ್ಲ ಆದ ಮೇಲೆ ಗ್ರಾಮಸಭೆಯಲ್ಲಿ ನಿಂತು ಹುಡುಗರೇ ಹೇಳಬೇಕು, ಜನ ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕು. ಆ ಒಂದು ಸಂಜೆ ಅವರು ಕಲಿಯುವುದು ನೀನು ಒಂದು ಸೆಮಿಸ್ಟರಿನಲ್ಲಿ ಹೇಳಿಕೊಡುವುದಕ್ಕಿಂತ ಕಡಿಮೆಯೇನಲ್ಲ. ಮುಂದಿನ ವರ್ಷ ಬೇರೆ ಮಕ್ಕಳು ಅದೇ ಊರಿಗೆ ಹೋಗಿ, ಹಿಂದಿನವರು ಬಿಟ್ಟಲ್ಲಿಂದ ಮುಂದುವರಿಸಬೇಕು. ಅದಕ್ಕೇ ಹತ್ತು ಸಂಸ್ಥೆ ಬೇಡ ಅನ್ನುವುದು. ಹತ್ತು ಕಡೆ ನಿನ್ನ ಒಬ್ಬಳ ಕೈಯಲ್ಲಿ ಇಷ್ಟು ಆಗುವುದಿಲ್ಲ.

ನೀಲಗಿರಿಯ ಕೋಟಗಿರಿಯಲ್ಲಿ ಕೀಸ್ಟೋನ್ ಅನ್ನುವ ಸಂಸ್ಥೆ ಇದೆ, ಆದಿವಾಸಿಗಳ ಜೊತೆ 1993ರಿಂದ ಕೆಲಸ ಮಾಡುತ್ತಾ ಬಂದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2015ರಿಂದ ತನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸುತ್ತಾ ಬಂತು. ನನಗೆ ಹಿಡಿಸಿದ್ದು ಅಲ್ಲಿನ ಏರ್ಪಾಡು. ಬೆಟ್ಟದ ಹಾಡಿಗಳ ಹುಡುಗ ಹುಡುಗಿಯರೂ ಅದೇ ತರಗತಿಯ ವಿದ್ಯಾರ್ಥಿಗಳು. ಅವರೂ ಇವರೂ ಪಕ್ಕಪಕ್ಕ ಕೂತು ಕಲಿಯುತ್ತಿದ್ದರು, ಒಟ್ಟಿಗೆ ಊರಿಗೆ ಹೋಗುತ್ತಿದ್ದರು. ನಿನ್ನ ಎರಡು ಕ್ರೆಡಿಟ್‌ನ ತರಗತಿಯಲ್ಲಿ ನಮ್ಮೂರಿನ ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಹುಡುಗಿಯರಿಗೆ ನಾಲ್ಕು ಜಾಗ ಕೊಡಿಸಲು ಆಗುತ್ತದೆಯೇ? ನಿಯಮದಲ್ಲಿ ಇಲ್ಲ ಅನ್ನುತ್ತಾರೆ ಅಂತ ನನಗೆ ಗೊತ್ತು. ಕೇಳಿ ನೋಡು, ಕೇಳಿದರೆ ಕಳೆದುಕೊಳ್ಳುವುದೇನಿದೆ.

ನಿನ್ನ ಮೇಲಿನವರು ಹತ್ತು ಎಲ್ಲಿ ಅಂತ ಕೇಳಿದಾಗ ಉತ್ತರ ಹೇಳುವುದು ನಿನಗೆ ಕಷ್ಟವಾಗುತ್ತದೆ, ಅದೇ ನನ್ನ ಯೋಚನೆ. ಹೊಸಬಳು, ಇನ್ನೂ ಪ್ರೊಬೇಷನ್ ಮುಗಿದಿಲ್ಲ. ಜಗಳ ಮಾಡಬೇಡ. ಎರಡೇ ಸಂಸ್ಥೆ, ಐದು ವರ್ಷ, ಪ್ರತಿ ವರ್ಷದ ಕೆಲಸಕ್ಕೂ ಊರಿನಲ್ಲಿ ಓದಿ ಹೇಳಿದ ವರದಿ ಅಂತ ಒಂದು ಪುಟದ ಟಿಪ್ಪಣಿ ಬರೆದು ಮುಂದಿಡು. ನ್ಯಾಕ್ ತಂಡದವರು ಬಂದಾಗ ಖಾಲಿ ಹತ್ತು ಕಡತಕ್ಕಿಂತ ತುಂಬಿದ ಎರಡು ಕಡತ ತೋರಿಸುವುದು ಅವರಿಗೂ ಸುಲಭ. ಒಪ್ಪಿದರೆ ಸಂತೋಷ, ಒಪ್ಪದಿದ್ದರೆ ಉಳಿದ ಎಂಟನ್ನು ಅವರೇ ಮಾಡಿಕೊಳ್ಳಲಿ, ನಿನ್ನ ಎರಡನ್ನು ನೀನು ಜೋಪಾನ ಮಾಡು.

ನಮ್ಮ ಸಂಸ್ಥೆಯ ಮಾತಿಗೆ ಬರುತ್ತೇನೆ. ಈಗ ಅದನ್ನು ನಡೆಸುತ್ತಿರುವ ಹುಡುಗಿಯರು ನನಗಿಂತ ಗಟ್ಟಿಗರು. ಅವರಿಗೆ ನಾನು ಫೋನ್ ಮಾಡಿ ನಿನ್ನ ಪರವಾಗಿ ಹೇಳುವುದಿಲ್ಲ. ನಾನು ಹೇಳಿದರೆ ಅವರಿಗೆ ಬೇಡ ಅನ್ನಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ನೀನೇ ಒಂದು ದಿನ ಒಬ್ಬಳೇ ಬಸ್ಸಿನಲ್ಲಿ ಬಾ, ಬ್ಯಾನರು ತರಬೇಡ, ಒಡಂಬಡಿಕೆಯ ಕಾಗದವನ್ನೂ ತರಬೇಡ. ರಾತ್ರಿಯ ಸಭೆಗೆ ಅವರ ಜೊತೆ ಹೋಗು, ನಿನ್ನ ಮಂಚ ನಮ್ಮ ಮನೆಯಲ್ಲಿ ಹಾಗೇ ಇದೆ. ಈ ವರ್ಷ ನಮಗೆ ಆಗುವುದಿಲ್ಲ ಅಂತ ಅವರು ಹೇಳಿದರೆ ಸರಿ ಅಂದು, ಮುಂದಿನ ವರ್ಷ ಮತ್ತೆ ಬಂದು ಕೇಳು.

ಇತಿ,
ನಿನ್ನ ಅತ್ತೆ